ಅಮೆರಿಕದ ರಾಜ್ಯಗಳಲ್ಲಿ ದೊಡ್ಡ ಹಾವುಗಳ ಸಾಕಣೆಯ ಕಾನೂನುಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೆಬ್ಬಾವು, ಅನಕೊಂಡ ಮೊದಲಾದ ದೊಡ್ಡ ಹಾವುಗಳನ್ನು ಮನೆಯಲ್ಲಿ ಸಾಕುವುದಕ್ಕೆ ಸಂಬಂಧಿಸಿದ ಕಾನೂನುಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ. ಕೆಲವು ರಾಜ್ಯಗಳು ಇವುಗಳ ಸಾಕಣೆಯನ್ನು ಸಂಪೂರ್ಣವಾಗಿ ನಿಷೇಧಿಸಿವೆ. ಕೆಲವು ಪರವಾನಗಿಯ ಮೇಲೆ ಅನುಮತಿ ನೀಡುತ್ತವೆ. ಇನ್ನು ಕೆಲವು ಸಾಕಣೆಯನ್ನು ತಡೆಯದೆ ಸುರಕ್ಷತೆಯ ನಿಯಮಗಳನ್ನಷ್ಟೇ ವಿಧಿಸಿವೆ. ಸಾರ್ವಜನಿಕರ ಸುರಕ್ಷತೆ ಮತ್ತು ಸ್ಥಳೀಯ ವನ್ಯಜೀವಿಗಳ ರಕ್ಷಣೆ ಈ ಕಾನೂನುಗಳ ಎರಡು ಮುಖ್ಯ ಉದ್ದೇಶಗಳಾಗಿವೆ.

ಹಿನ್ನೆಲೆ

ಈ ಕಾನೂನುಗಳಲ್ಲಿ ಹೆಸರಿಸಲಾದ ಹಾವುಗಳು ವಿಷರಹಿತವಾದವು. ಇವು ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತವೆ. ಬರ್ಮಾ ಹೆಬ್ಬಾವು, ರೆಟಿಕ್ಯುಲೇಟೆಡ್ ಹೆಬ್ಬಾವು, ಆಫ್ರಿಕಾದ ಬಂಡೆ ಹೆಬ್ಬಾವು, ಹಸಿರು ಅನಕೊಂಡ ಮತ್ತು ಹಳದಿ ಅನಕೊಂಡ ಇವುಗಳಲ್ಲಿ ಪ್ರಮುಖವಾದವು. ರೆಟಿಕ್ಯುಲೇಟೆಡ್ ಹೆಬ್ಬಾವು ಜಗತ್ತಿನ ಅತಿ ಉದ್ದದ ಹಾವು; ಹಸಿರು ಅನಕೊಂಡ ಅತಿ ಭಾರದ ಹಾವು. ಅಂಗಡಿಯಲ್ಲಿ ಕೊಳ್ಳುವಾಗ ಸುಮಾರು ಎರಡು ಅಡಿಯಷ್ಟಿರುವ ಬರ್ಮಾ ಹೆಬ್ಬಾವಿನ ಮರಿ ಕೆಲವೇ ವರ್ಷಗಳಲ್ಲಿ ಹತ್ತು ಅಡಿಗಳನ್ನು ಮೀರಿ ಬೆಳೆಯುತ್ತದೆ ಮತ್ತು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಸಾಕಲಾಗದೆ ಕಾಡಿಗೆ ಬಿಟ್ಟ ಹಾಗೂ ಪಂಜರದಿಂದ ತಪ್ಪಿಸಿಕೊಂಡ ಹಾವುಗಳೇ ಮುಂದಿನ ಸಮಸ್ಯೆಗೆ ಮೂಲವಾದವು.

ಒಕ್ಕೂಟ ಸರ್ಕಾರದ ಕಾನೂನು

1900ರ ಲೇಸಿ ಕಾಯ್ದೆ ವನ್ಯಜೀವಿಗಳ ಅಕ್ರಮ ವ್ಯಾಪಾರವನ್ನು ತಡೆಯುವ ಹಳೆಯ ಕಾನೂನು. ಒಕ್ಕೂಟದ ಮೀನು ಮತ್ತು ವನ್ಯಜೀವಿ ಸೇವೆಯು 2012ರಲ್ಲಿ ಬರ್ಮಾ ಹೆಬ್ಬಾವು, ಆಫ್ರಿಕಾದ ಎರಡು ಬಂಡೆ ಹೆಬ್ಬಾವುಗಳು ಮತ್ತು ಹಳದಿ ಅನಕೊಂಡವನ್ನು ‘ಹಾನಿಕಾರಕ ವನ್ಯಜೀವಿ’ಗಳ ಪಟ್ಟಿಗೆ ಸೇರಿಸಿತು. 2015ರಲ್ಲಿ ರೆಟಿಕ್ಯುಲೇಟೆಡ್ ಹೆಬ್ಬಾವು, ಹಸಿರು ಅನಕೊಂಡ ಮತ್ತು ಇನ್ನೆರಡು ಅನಕೊಂಡ ಪ್ರಭೇದಗಳು ಸೇರಿದವು. ಅಪಾಯಕಾರಿ ಎಂದು ಅಧ್ಯಯನಕ್ಕೆ ಒಳಪಟ್ಟ ಒಂಬತ್ತು ಪ್ರಭೇದಗಳ ಪೈಕಿ, ಸಾಕುಪ್ರಾಣಿಗಳ ಮಾರುಕಟ್ಟೆಯಲ್ಲಿ ಬಹು ಜನಪ್ರಿಯವಾದ ಬೋವಾ ಕನ್‌ಸ್ಟ್ರಿಕ್ಟರ್ ಮಾತ್ರ ಪಟ್ಟಿಯಿಂದ ಹೊರಗುಳಿಯಿತು.

ಈ ಪಟ್ಟಿಯಲ್ಲಿರುವ ಹಾವುಗಳ ಆಮದು ನಿಷಿದ್ಧ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಇವುಗಳನ್ನು ಸಾಗಿಸುವುದೂ ನಿಷಿದ್ಧವೆಂದು ಸರ್ಕಾರ ಅರ್ಥೈಸಿತ್ತು. ಸರೀಸೃಪ ಸಾಕಣೆದಾರರ ಸಂಘವು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಭೂಖಂಡದ 49 ರಾಜ್ಯಗಳ ನಡುವಿನ ಸಾಗಣೆಯನ್ನು ಕಾಯ್ದೆಯ ಈ ವಿಧಿ ನಿಷೇಧಿಸುವುದಿಲ್ಲ ಎಂದು ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ 2017ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಒಕ್ಕೂಟದ ಕಾನೂನು ಹೀಗೆ ಹಿಂದೆ ಸರಿದ ಮೇಲೆ ರಾಜ್ಯಗಳ ಕಾನೂನುಗಳ ಮಹತ್ವ ಹೆಚ್ಚಿತು. ಒಂದು ರಾಜ್ಯದಲ್ಲಿ ನ್ಯಾಯಬದ್ಧವಾಗಿ ಕೊಂಡ ಹಾವು, ಗಡಿ ದಾಟಿದ ಕೂಡಲೇ ನಿಷಿದ್ಧ ವಸ್ತುವಾಗಬಹುದು.

ಪ್ರಮುಖ ರಾಜ್ಯಗಳ ಕಾನೂನುಗಳು

ಫ್ಲೋರಿಡಾ

ಈ ವಿಷಯದಲ್ಲಿ ಅತಿ ಹೆಚ್ಚು ನಷ್ಟ ಅನುಭವಿಸಿದ ರಾಜ್ಯ ಫ್ಲೋರಿಡಾ. ಇಲ್ಲಿನ ಎವರ್‌ಗ್ಲೇಡ್ಸ್ ಜೌಗುಪ್ರದೇಶದಲ್ಲಿ ಬರ್ಮಾ ಹೆಬ್ಬಾವು ನೆಲೆಯೂರಿ ಸಂತಾನಾಭಿವೃದ್ಧಿ ಮಾಡುತ್ತಿರುವುದು 2000ದ ಹೊತ್ತಿಗೆ ಖಚಿತವಾಯಿತು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ನಾಶವಾದ ಹಾವು ಸಾಕಣೆ ಕೇಂದ್ರದಿಂದ ತಪ್ಪಿಸಿಕೊಂಡ ಹಾವುಗಳೂ ಇದಕ್ಕೆ ಕಾರಣವಾಗಿರಬಹುದೆಂದು ಹೇಳಲಾಗುತ್ತದೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೆಬ್ಬಾವುಗಳು ಬಹುಕಾಲದಿಂದ ನೆಲೆಸಿದ್ದ ಭಾಗದಲ್ಲಿ ರಕೂನ್‌ಗಳು ಕಂಡುಬರುವ ಪ್ರಮಾಣ ಶೇ. 99.3ರಷ್ಟು, ಅಪಾಸಮ್‌ಗಳದು ಶೇ. 98.9ರಷ್ಟು ಮತ್ತು ಬಾಬ್‌ಕ್ಯಾಟ್‌ಗಳದು ಶೇ. 87.5ರಷ್ಟು ಕುಸಿದಿತ್ತು.

2008ರಿಂದ ಇಲ್ಲಿ ದೊಡ್ಡ ಹಾವುಗಳ ಸಾಕಣೆಗೆ ವಾರ್ಷಿಕ 100 ಡಾಲರ್ ಶುಲ್ಕದ ಪರವಾನಗಿ ಮತ್ತು ಹಾವಿನ ಚರ್ಮದಡಿ ಗುರುತಿನ ಚಿಪ್ ಅಳವಡಿಸುವುದು ಕಡ್ಡಾಯವಾಯಿತು. 2009ರ ಜುಲೈನಲ್ಲಿ ಸಮ್ಟರ್ ಕೌಂಟಿಯ ಮನೆಯೊಂದರಲ್ಲಿ ಸಾಕಿದ್ದ ಬರ್ಮಾ ಹೆಬ್ಬಾವು ರಾತ್ರಿ ಹೊರಬಂದು ಎರಡು ವರ್ಷದ ಹೆಣ್ಣುಮಗುವನ್ನು ಕೊಂದಿತು. ಹಾವಿಗೆ ಪರವಾನಗಿ ಇರಲಿಲ್ಲ. ಮಗುವಿನ ತಾಯಿಗೂ ಆಕೆಯ ಸಂಗಾತಿಗೂ 2011ರಲ್ಲಿ ತಲಾ 12 ವರ್ಷಗಳ ಸೆರೆವಾಸ ವಿಧಿಸಲಾಯಿತು. 2010ರ ಜುಲೈ 1ರಿಂದ ಇಂತಹ ಹಾವುಗಳನ್ನು ಸಾಕುವುದಕ್ಕಾಗಿ ಹೊಸದಾಗಿ ಪಡೆಯುವುದನ್ನು ನಿಲ್ಲಿಸಲಾಯಿತು. ಮೊದಲೇ ಪರವಾನಗಿ ಹೊಂದಿದ್ದವರಿಗೆ ತಮ್ಮ ಹಾವು ಬದುಕಿರುವವರೆಗೆ ಇಟ್ಟುಕೊಳ್ಳಲು ಅವಕಾಶವಿತ್ತು. 2021ರಲ್ಲಿ ಬರ್ಮಾ ಹೆಬ್ಬಾವು, ರೆಟಿಕ್ಯುಲೇಟೆಡ್ ಹೆಬ್ಬಾವು, ಹಸಿರು ಅನಕೊಂಡ ಸೇರಿದಂತೆ 16 ಸರೀಸೃಪಗಳು ನಿಷೇಧಿತ ಪಟ್ಟಿಗೆ ಸೇರಿದವು.

ಶಿಕ್ಷೆಯ ಭಯದಿಂದ ಜನರು ಹಾವುಗಳನ್ನು ಕಾಡಿಗೆ ಬಿಡದಿರಲೆಂದು ರಾಜ್ಯವು ಕ್ಷಮಾದಾನದ ದಿನಗಳನ್ನು ಏರ್ಪಡಿಸುತ್ತದೆ. ಪರವಾನಗಿ ಇಲ್ಲದವರೂ ಅಂದು ತಮ್ಮ ಪ್ರಾಣಿಗಳನ್ನು ದಂಡವಿಲ್ಲದೆ ಒಪ್ಪಿಸಬಹುದು.

ಹವಾಯಿ

ಹವಾಯಿಯಲ್ಲಿ ಖಾಸಗಿಯಾಗಿ ಯಾವ ಹಾವನ್ನೂ ಸಾಕುವಂತಿಲ್ಲ. ಹಾವುಗಳನ್ನೇ ಕಾಣದೆ ವಿಕಾಸಗೊಂಡ ಈ ದ್ವೀಪಗಳ ಪಕ್ಷಿಗಳಿಗೆ ಅವುಗಳಿಂದ ರಕ್ಷಿಸಿಕೊಳ್ಳುವ ಬಗೆ ತಿಳಿಯದು. ಗುವಾಮ್ ದ್ವೀಪಕ್ಕೆ ಹೊರಗಿನಿಂದ ಬಂದ ಕಂದು ಮರಹಾವು ಅಲ್ಲಿನ ಬಹುಪಾಲು ಕಾಡುಪಕ್ಷಿಗಳನ್ನು ಅಳಿಸಿಹಾಕಿದ ನಿದರ್ಶನ ಇಲ್ಲಿನ ಜನರ ಮುಂದಿದೆ. ಅಕ್ರಮವಾಗಿ ಹಾವು ತಂದವರಿಗೆ ಗರಿಷ್ಠ 2 ಲಕ್ಷ ಡಾಲರ್ ದಂಡ ಮತ್ತು ಮೂರು ವರ್ಷಗಳವರೆಗಿನ ಸೆರೆವಾಸ ವಿಧಿಸಬಹುದು. ಇಲ್ಲಿಯೂ ತಾವಾಗಿ ಒಪ್ಪಿಸುವವರಿಗೆ ಕ್ಷಮಾದಾನವಿದೆ.

ಒಹಾಯೊ

2011ರ ಅಕ್ಟೋಬರ್‌ನಲ್ಲಿ ಜೇನ್ಸ್‌ವಿಲ್ ಬಳಿ ಖಾಸಗಿ ಮಾಲೀಕನೊಬ್ಬ ತನ್ನಲ್ಲಿದ್ದ ಹುಲಿ, ಸಿಂಹ, ಕರಡಿ ಮೊದಲಾದ 50ಕ್ಕೂ ಹೆಚ್ಚು ಪ್ರಾಣಿಗಳನ್ನು ಹೊರಬಿಟ್ಟು ಆತ್ಮಹತ್ಯೆ ಮಾಡಿಕೊಂಡ. ಜನರ ರಕ್ಷಣೆಗಾಗಿ ಪೊಲೀಸರು ಬಹುಪಾಲು ಪ್ರಾಣಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಇದರ ಬೆನ್ನಿಗೆ 2012ರಲ್ಲಿ ಜಾರಿಗೆ ಬಂದ ಅಪಾಯಕಾರಿ ವನ್ಯಪ್ರಾಣಿ ಕಾಯ್ದೆಯು ಹಾವುಗಳನ್ನೂ ಒಳಗೊಂಡಿತು. ಅನಕೊಂಡ ಮತ್ತು ಹೆಸರಿಸಲಾದ ಹೆಬ್ಬಾವುಗಳು 12 ಅಡಿ ಅಥವಾ ಅದಕ್ಕಿಂತ ಉದ್ದವಿದ್ದರೆ ಮಾತ್ರ ಪರವಾನಗಿ ಬೇಕು ಎಂಬುದು ಈ ಕಾಯ್ದೆಯ ವಿಶೇಷ. ಇಲ್ಲಿ ಪ್ರಭೇದದ ಜೊತೆಗೆ ಅಳತೆಯೂ ನಿರ್ಣಾಯಕ.

ಇತರ ರಾಜ್ಯಗಳು

ನ್ಯೂಯಾರ್ಕ್ ರಾಜ್ಯವು ದೊಡ್ಡ ಹೆಬ್ಬಾವುಗಳನ್ನೂ ಅನಕೊಂಡಗಳನ್ನೂ ‘ಕಾಡುಪ್ರಾಣಿ’ ಎಂಬ ವ್ಯಾಖ್ಯೆಗೆ ಒಳಪಡಿಸಿದ್ದು, ಅವುಗಳನ್ನು ಸಾಕುಪ್ರಾಣಿಯಾಗಿ ಇಟ್ಟುಕೊಳ್ಳುವಂತಿಲ್ಲ. ಟೆಕ್ಸಾಸ್‌ನಲ್ಲಿ ಹಸಿರು ಅನಕೊಂಡ ಮತ್ತು ಕೆಲವು ಹೆಬ್ಬಾವುಗಳ ಸಾಕಣೆಗೆ ಶುಲ್ಕ ತೆತ್ತು ಪರವಾನಗಿ ಪಡೆಯಬೇಕು. ಅವುಗಳನ್ನು ಹೊರಗೆ ಬಿಡುವುದು ಅಪರಾಧ. ಉತ್ತರ ಕ್ಯಾರೊಲೈನಾದ 2009ರ ಕಾನೂನು ಸಾಕಣೆಯನ್ನು ನಿಷೇಧಿಸಿಲ್ಲ. ಆದರೆ ಹಾವು ತಪ್ಪಿಸಿಕೊಳ್ಳಲಾಗದ ಭದ್ರ ಗೂಡು, ಲಿಖಿತ ಸುರಕ್ಷತಾ ಕ್ರಮ ಮತ್ತು ತಪ್ಪಿಸಿಕೊಂಡರೆ ಕೂಡಲೇ ಪೊಲೀಸರಿಗೆ ತಿಳಿಸುವುದು ಅಲ್ಲಿ ಕಡ್ಡಾಯ.

ರಾಜ್ಯವು ಅನುಮತಿಸಿದರೂ ನಗರ ಅಥವಾ ಕೌಂಟಿಯ ಆಡಳಿತವು ತನ್ನ ವ್ಯಾಪ್ತಿಯಲ್ಲಿ ಇನ್ನೂ ಕಠಿಣ ನಿಯಮ ಮಾಡಬಹುದು. ಬಾಡಿಗೆ ಕರಾರುಗಳಲ್ಲಿಯೂ ಪ್ರತ್ಯೇಕ ನಿರ್ಬಂಧಗಳಿರಬಹುದು.

ವಾದ ವಿವಾದ

ದೊಡ್ಡ ಹಾವುಗಳಿಂದ ಮನುಷ್ಯರು ಸಾಯುವುದು ಅತಿ ವಿರಳವೆಂದೂ, ಉತ್ತರದ ಶೀತ ರಾಜ್ಯಗಳಲ್ಲಿ ಇವು ಹೊರಗೆ ಬದುಕಲಾರವೆಂದೂ, ದಕ್ಷಿಣ ಫ್ಲೋರಿಡಾದ ಅನುಭವವನ್ನು ಇಡೀ ದೇಶಕ್ಕೆ ಅನ್ವಯಿಸಬಾರದೆಂದೂ ಸಾಕಣೆದಾರರು ವಾದಿಸುತ್ತಾರೆ. 2010ರ ಜನವರಿಯ ಚಳಿಗೆ ಎವರ್‌ಗ್ಲೇಡ್ಸ್‌ನಲ್ಲಿಯೇ ಅನೇಕ ಹೆಬ್ಬಾವುಗಳು ಸತ್ತದ್ದನ್ನು ಅವರು ಉದಾಹರಿಸುತ್ತಾರೆ. ಒಮ್ಮೆ ನೆಲೆಯೂರಿದ ಪ್ರಭೇದವನ್ನು ನಿರ್ಮೂಲ ಮಾಡುವುದು ಅಸಾಧ್ಯಕ್ಕೆ ಸಮೀಪವಾದ ಕೆಲಸ, ಆದ್ದರಿಂದ ಮುನ್ನೆಚ್ಚರಿಕೆಯೇ ಅಗ್ಗದ ದಾರಿ ಎಂಬುದು ನಿರ್ಬಂಧವನ್ನು ಬೆಂಬಲಿಸುವವರ ವಾದ. ಫ್ಲೋರಿಡಾದಲ್ಲಿ ಸಂಭಾವನೆ ಪಡೆಯುವ ಬೇಟೆಗಾರರು ಮತ್ತು ವಾರ್ಷಿಕ ಬೇಟೆ ಸ್ಪರ್ಧೆಗಳಿದ್ದರೂ ಹಾವುಗಳು ಉಳಿದಿವೆ.

ಭಾರತದೊಂದಿಗೆ ಸಂಬಂಧ

2017ರಲ್ಲಿ ತಮಿಳುನಾಡಿನ ಇರುಳ ಸಮುದಾಯದ ಹಾವು ಹಿಡಿಯುವವರಾದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು ಫ್ಲೋರಿಡಾಕ್ಕೆ ಕರೆಸಿಕೊಳ್ಳಲಾಗಿತ್ತು. ಮೊದಲ ಎರಡು ವಾರಗಳಲ್ಲೇ ಅವರು 13 ಹೆಬ್ಬಾವುಗಳನ್ನು ಹಿಡಿದರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಸಂದಿತು.

ಭಾರತದ ಕಾನೂನಿನ ನೆಲೆ ಇದಕ್ಕಿಂತ ಬೇರೆ. ಇಲ್ಲಿ ಹೆಬ್ಬಾವು ಹೊರಗಿನಿಂದ ಬಂದ ಪ್ರಾಣಿಯಲ್ಲ. ಕರ್ನಾಟಕದ ಕಾಡುಗಳಲ್ಲಿಯೂ ಇರುವ ಸ್ಥಳೀಯ ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಭಾರತೀಯ ಹೆಬ್ಬಾವನ್ನು ಹಿಡಿಯುವುದು, ಸಾಕುವುದು ಮತ್ತು ಮಾರುವುದು ಅಪರಾಧವಾಗಿದೆ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಗಳಲ್ಲಿರುವ ವಿದೇಶಿ ಪ್ರಭೇದಗಳಿಗೆ 2022ರ ತಿದ್ದುಪಡಿಯು ನಾಲ್ಕನೆಯ ಅನುಸೂಚಿಯನ್ನು ರಚಿಸಿತು. ಅಂತಹ ಪ್ರಾಣಿಗಳನ್ನು ಹೊಂದಿರುವವರು 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು.