ಪಾದರಸದ ಬಿ.ಪಿ. ಯಂತ್ರ

ಡಾಕ್ಟರು ‘ನೂರಿಪ್ಪತ್ತು, ಎಂಬತ್ತು’ ಎನ್ನುವುದು ಇಂಥ ಗಾಜಿನ ಕೊಳವೆಯಲ್ಲಿ ಪಾದರಸ ಏರುವ ಎತ್ತರವನ್ನು, ಮಿಲಿಮೀಟರ್ ಲೆಕ್ಕದಲ್ಲಿ. ಮೊದಲ ಅಂಕಿ ಹೃದಯ ಹಿಂಡಿದಾಗಿನದು, ಎರಡನೆಯದು ಸಡಿಲಗೊಂಡಾಗಿನದು. ಡಿಜಿಟಲ್ ಯಂತ್ರಗಳಲ್ಲಿ ಪಾದರಸವಿಲ್ಲ, ಅಳತೆ ಮಾತ್ರ ಅದರದೇ.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಹೆಣ್ಣುಕುದುರೆಯೊಂದರ ತೊಡೆಯ ಅಪಧಮನಿಗೆ ಹಿತ್ತಾಳೆ ನಳಿಗೆ ತೂರಿಸಿ, ಗಾಜಿನ ಕೊಳವೆ ಜೋಡಿಸಿದ. ರಕ್ತ ಎಂಟು ಅಡಿಗೂ ಮೇಲೇರಿತು. ಈ ಕ್ರೂರ ಪ್ರಯೋಗದ ವಿವರ 1733ರಲ್ಲಿ ಅಚ್ಚಾಯಿತು. ಅಷ್ಟುದ್ದದ ಕೊಳವೆಯನ್ನು ಯಾವ ಮೇಜಿನ ಮೇಲೆ ನಿಲ್ಲಿಸುವುದು? ಪಾದರಸ ನೀರಿಗಿಂತ 13.6 ಪಟ್ಟು ಭಾರ. ಒಂದಡಿ ಕೊಳವೆ ಸಾಕು.

ತೋಳಿಗೆ ಸುತ್ತುವ ಪಟ್ಟಿ 1896ರಲ್ಲಿ ಇಟಲಿಯ ರೀವಾ-ರೋಚ್ಚಿ ಕೊಟ್ಟದ್ದು. ಸ್ಟೆತಸ್ಕೋಪ್ ಇಟ್ಟು ಆಲಿಸುವುದನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಹೇಳಿಕೊಟ್ಟ. ಪಟ್ಟಿ ಸಡಿಲಿಸುತ್ತ ಬಂದಾಗ ಮೊದಲು ಕೇಳುವ ‘ಟಪ್’ ಮೇಲಿನ ಅಂಕಿ. ಸದ್ದು ಅಡಗಿದ್ದು ಕೆಳಗಿನದು.

ಹೃದಯ ವಿರಮಿಸಿದಾಗಲೂ ಒತ್ತಡ ಸೊನ್ನೆಗಿಳಿಯದಿರುವುದು ಅಪಧಮನಿಗಳ ಕೃಪೆ. ಅವುಗಳ ದಪ್ಪ ಗೋಡೆ ಹಿಗ್ಗಿ, ಮತ್ತೆ ಕುಗ್ಗಿ ರಕ್ತವನ್ನು ಮುಂದೆ ತಳ್ಳುತ್ತದೆ. ವಯಸ್ಸಾದಂತೆ ಗೋಡೆ ಪೆಡಸಾಗಿ ಮೇಲಿನ ಅಂಕಿ ಏರುತ್ತದೆ. ಕಿರು ಅಪಧಮನಿಗಳು ನಲ್ಲಿಯಿದ್ದಂತೆ. ಅವು ಬಿಗಿದಷ್ಟೂ ಒತ್ತಡ ಹೆಚ್ಚು. ಲೋಮನಾಳಗಳ ಗೋಡೆ ಒಂದೇ ಕೋಶದಷ್ಟು ತೆಳು, ಕೆಂಪು ರಕ್ತಕಣಗಳು ಸಾಲಾಗಿ ನುಸುಳಬೇಕು. ಅಭಿಧಮನಿಗೆ ಬರುವಷ್ಟರಲ್ಲಿ ಒತ್ತಡ ಬಹುಪಾಲು ಕರಗಿರುತ್ತದೆ. ಕಾಲಿನ ರಕ್ತ ಮೇಲೇರಲು ಮೀನಖಂಡದ ಹಿಂಡುವಿಕೆಯೂ, ಹಿಂದಕ್ಕೆ ಜಾರದಂತೆ ತಡೆಯುವ ಕವಾಟಗಳೂ ಬೇಕು.