ಗರಗಸದ ಬೆಸುಗೆ

ಬಹಳ ದಿನಗಳಿಂದ ತೀರಿಸದೆ ಉಳಿದ ಒಂದು ಋಣದ ವಿಷಯವಿದು. ಕೈಗಾರಿಕಾ ಕ್ರಾಂತಿಯ ಪಾಠ ಮಾಡುತ್ತಿದ್ದೆ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬಾತನು 1809ರಲ್ಲಿ ಬ್ಯಾಂಡ್ ಸಾ ಯಂತ್ರಕ್ಕೆ ಪೇಟೆಂಟ್ ಪಡೆದನೆಂದು ಹೇಳಿ ಮುಂದೆ ಸಾಗಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಆ ಬ್ಲೇಡಿಗೆ ಬೆಸುಗೆ ಹಾಕಿದ್ದು ಯಾರು?" ಅವನ ತಂದೆ ಸಾಮಿಲ್ಲಿನಲ್ಲಿ ಬ್ಲೇಡಿನ ಹಲ್ಲು ಅರೆಯುವ ಕೆಲಸದಲ್ಲಿದ್ದರು. ತರಗತಿ ನಕ್ಕಿತು. ಅಧಿಕಪ್ರಸಂಗವೆಂದು ಬಗೆದು ನಾನೂ ಅವನನ್ನು ಗದರಿ ಕೂರಿಸಿದೆ.

ನಿವೃತ್ತಿಯ ಬಿಡುವಿನಲ್ಲಿ ಓದಿದಾಗ ತಿಳಿಯಿತು, ಆ ಯಂತ್ರದ ಇತಿಹಾಸವೆಲ್ಲ ನಿಂತಿರುವುದೇ ಆ ಪ್ರಶ್ನೆಯ ಮೇಲೆ.

ಬ್ಯಾಂಡ್ ಸಾ ಎಂದರೆ ಎರಡು ಚಕ್ರಗಳ ಮೇಲೆ ಸುತ್ತುವ, ಹಲ್ಲುಳ್ಳ ಉಕ್ಕಿನ ಪಟ್ಟಿ. ಇಬ್ಬರು ಮೇಲೆ ಕೆಳಗೆ ನಿಂತು ಎಳೆಯುವ ಗರಗಸದಂತೆ ಹಿಂದೆ ಮುಂದೆ ಆಡದೆ, ಇದು ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಕೊಯ್ಯುತ್ತದೆ. ಆದರೆ ಪಟ್ಟಿಯ ತುದಿಗಳೆರಡೂ ಕೂಡಬೇಕಲ್ಲ! ಪ್ರತಿ ಸುತ್ತಿನಲ್ಲೂ ಎರಡು ಸಲ ಬಾಗಿ ಎರಡು ಸಲ ನೆಟ್ಟಗಾಗುವ ಉಕ್ಕು ಬೆಸುಗೆಯಲ್ಲಿ ಬಿರುಕುಬಿಟ್ಟು ತುಂಡಾಗುತ್ತಿತ್ತು. ಯಂತ್ರದ ಕಲ್ಪನೆ ಸಿದ್ಧವಿದ್ದರೂ ಸುಮಾರು ನಲವತ್ತು ವರ್ಷ ಅದು ಬಳಕೆಗೆ ಒದಗಲಿಲ್ಲ.

ಬಾಳುವ ಬೆಸುಗೆಯ ವಿಧಾನವನ್ನು ಕಂಡುಕೊಂಡವಳು ಆನ್ ಪೌಲಿನ್ ಕ್ರೆಪಿನ್ ಎಂಬ ಫ್ರೆಂಚ್ ಮಹಿಳೆ. 1846ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು. ಅದನ್ನು ಬಳಸುವ ಹಕ್ಕನ್ನು ಪ್ಯಾರಿಸ್ಸಿನ ಪೆರಿನ್ ಕಂಪನಿ ಕೊಂಡು, ಉತ್ತಮ ಉಕ್ಕನ್ನೂ ಹದಗೊಳಿಸುವ ವಿದ್ಯೆಯನ್ನೂ ಅದಕ್ಕೆ ಸೇರಿಸಿತು. ಅಲ್ಲಿಂದ ಮುಂದೆ ಬ್ಯಾಂಡ್ ಸಾ ನಿಜವಾಗಿ ಓಡಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಈಕೆಯ ಹೆಸರನ್ನು ನಾನು ಒಮ್ಮೆಯೂ ಕಂಡವನಲ್ಲ.

ಕೆಲವು ವರ್ಷಗಳ ಹಿಂದೆ ಹಲಸಿನ ದಿಮ್ಮಿಯೊಂದನ್ನು ಹಲಗೆ ಮಾಡಿಸಲು ಮಿಲ್ಲಿಗೆ ಹೋಗಿದ್ದೆ. ಅಲ್ಲಿ ಬ್ಲೇಡು ನೋಡಿಕೊಳ್ಳುವ ಹಿರಿಯರನ್ನು ಕೇಳಿದೆ. ಅವರೆಂದರು: "ಮೇಷ್ಟ್ರೇ, ತುದಿಗಳನ್ನು ಓರೆಯಾಗಿ ಅರೆದು, ಒಂದರ ಮೇಲೊಂದು ಇಟ್ಟು ಬೆಸೀಬೇಕು. ಆಮೇಲೆ ಬೆಸುಗೆ ಉಬ್ಬಿರಬಾರದು, ಉಳಿದ ಪಟ್ಟಿಯಷ್ಟೇ ದಪ್ಪಕ್ಕೆ ಉಜ್ಜಬೇಕು. ಇಲ್ಲದಿದ್ರೆ ಸುತ್ತು ಸುತ್ತಿಗೂ ಟಕ್ ಅಂತ ಬಡಿಯುತ್ತೆ." ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಕೊಂಚ ಬಾಗಿಸಿರುತ್ತಾರೆ, ಕೊಯ್ದ ಸೀಳು ಪಟ್ಟಿಗಿಂತ ಅಗಲವಾದರೆ ಮಾತ್ರ ಬ್ಲೇಡು ಸಿಕ್ಕಿಬೀಳದೆ ಜಾರುತ್ತದೆ. ಹಲ್ಲುಗಳ ನಡುವಿನ ಸಂದು ದುಂಡಗಿರಬೇಕು, ಚೂಪು ಮೂಲೆಯಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಮೇಲಿನ ಚಕ್ರವನ್ನು ಎತ್ತಿ ಬಿಗಿ ಕೊಡುವುದು, ಅದನ್ನೇ ಕೊಂಚ ವಾಲಿಸಿ ಪಟ್ಟಿ ಚಕ್ರದಿಂದ ಜಾರದಂತೆ ನಿಲ್ಲಿಸುವುದು. ಬಿಗಿ ಸಾಲದಿದ್ದರೆ ಹಲಗೆ ಅಂಕುಡೊಂಕು, ಅತಿಯಾದರೆ ಬ್ಲೇಡಿಗೇ ಅಪಾಯ. ಸಂಜೆ ಯಂತ್ರ ನಿಲ್ಲಿಸಿದ ಮೇಲೆ ಬಿಗಿ ಸಡಿಲಿಸುತ್ತಾರೆ, ಏಕೆಂದರೆ ಕಾದು ಹಿಗ್ಗಿದ ಉಕ್ಕು ತಣ್ಣಗಾಗುತ್ತ ಕುಗ್ಗುತ್ತದೆ.

ಇಷ್ಟನ್ನೂ ಆ ಹುಡುಗ ಮನೆಯಲ್ಲೇ ಕಂಡು ಬಲ್ಲವನಾಗಿದ್ದ. ಬಲ್ಲವನಾದ್ದರಿಂದಲೇ ಕೇಳಿದ್ದ.

ಅವನು ಈಗ ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಆ ತರಗತಿಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವನಿಗೆ ತಲುಪಿಸಿ: ಬೆಸುಗೆ ಹಾಕಿದ್ದು ಕ್ರೆಪಿನ್, 1846ರಲ್ಲಿ. ಅಂದು ನಾನು ಗದರಬಾರದಿತ್ತು.