ಭೂಪಟದ ಮೇಲಣ ಕಬ್ಬಿಣದ ಗೆರೆಗಳು

ನಾನು ಹಾಸನ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತದ ಉಪಾಧ್ಯಾಯನಾಗಿದ್ದಾಗ, ಭೂಗೋಳವನ್ನು ಬೋಧಿಸತಕ್ಕವರಿಲ್ಲದೆ ಆ ವಿಷಯವೂ ಕೆಲವು ತಿಂಗಳು ನನ್ನ ಪಾಲಿಗೆ ಬಂದಿತು. ಪಾಠಶಾಲೆಯಲ್ಲಿ ಅಮರಕೋಶವನ್ನೂ ಕೌಮುದಿಯನ್ನೂ ಓದಿಕೊಂಡು ಬಂದವನಿಗೆ ಗೋಡೆಯ ಮೇಲಣ ಭೂಪಟವು ಅಪರಿಚಿತವಾದ ಶಾಸ್ತ್ರವೇ ಆಗಿದ್ದಿತು. ೧೯೯೮ರ ಸುಮಾರಿನಲ್ಲಿ ಒಂದು ದಿನ ರೈಲುಮಾರ್ಗಗಳ ಪಾಠವನ್ನು ಹೇಳುತ್ತ, ಹಾಸನದಿಂದ ಮಂಗಳೂರಿಗೆ ಇಳಿಯುವ ಗೆರೆಯ ಮೇಲೆ ಕೋಲನ್ನು ಎಳೆದೆನು. ಪುತ್ತೂರಿನ ಕಡೆಯ ಹುಡುಗನೊಬ್ಬನು ಎದ್ದು ನಿಂತು, "ಸಾರ್, ಪಟದಲ್ಲಿ ರೈಲು ಇದೆ, ಆದರೆ ನಮ್ಮೂರಿಗೆ ರೈಲು ಬರುವುದಿಲ್ಲವಲ್ಲ" ಎಂದನು. ಅವನ ಮಾತು ನಿಜವಾಗಿದ್ದಿತು. ಹಳಿಯನ್ನು ಅಗಲಗೊಳಿಸುವುದಕ್ಕಾಗಿ ೧೯೯೬ರಲ್ಲಿ ಆ ಮಾರ್ಗವನ್ನು ಮುಚ್ಚಿದ್ದರು. ಹುಡುಗನಿಗೆ ಆ ದಿನ ಏನೋ ಒಂದು ಉತ್ತರವನ್ನು ಕೊಟ್ಟು ಕುಳ್ಳಿರಿಸಿದೆನು. ಆದರೆ ಭೂಪಟದಲ್ಲಿ ಒಂದು ಗೆರೆಯು ಇರುವುದೆಂದರೇನು, ಅದನ್ನು ಅಲ್ಲಿ ಎಳೆದವರು ಯಾರು, ಏತಕ್ಕಾಗಿ ಎಳೆದರು ಎಂಬ ಜಿಜ್ಞಾಸೆಯು ಅಂದಿನಿಂದ ನನ್ನನ್ನು ಬಿಡಲಿಲ್ಲ. ಅದರ ಫಲವಾಗಿ ತಿಳಿದುಬಂದುದರಲ್ಲಿ ಕೆಲವಂಶವನ್ನು ವಾಚಕಮಹಾಶಯರ ಮುಂದೆ ಇಡುತ್ತೇನೆ.

ಭರತಖಂಡದಲ್ಲಿ ಜನರನ್ನು ಸಾಗಿಸುವ ಮೊದಲನೆಯ ರೈಲುಬಂಡಿಯು ೧೮೫೩ನೆಯ ಏಪ್ರಿಲ್ ೧೬ರಂದು ಬೊಂಬಾಯಿಯ ಬೋರಿಬಂದರಿನಿಂದ ಠಾಣೆಗೆ ಹೋಯಿತೆಂಬುದು ಎಲ್ಲರಿಗೂ ವಿದಿತವಾದ ಸಂಗತಿ. ಆ ದೂರವು ೨೧ ಮೈಲಿ. ಇದಾದ ನಾಲ್ಕನೆಯ ದಿನ, ಎಂದರೆ ಏಪ್ರಿಲ್ ೨೦ರಂದು, ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಯು ಒಂದು ದೀರ್ಘವಾದ ಟಿಪ್ಪಣಿಯನ್ನು ಬರೆದು ಸೀಮೆಗೆ ಕಳುಹಿಸಿದನು. ನೆಲದ ಮೇಲೆ ಇಪ್ಪತ್ತೊಂದೇ ಮೈಲಿ ಹಳಿಯಿದ್ದಾಗ ಅವನ ಕಾಗದದ ಮೇಲೆ ಇಡೀ ದೇಶದ ಜಾಲವು ಸಿದ್ಧವಾಗಿದ್ದಿತು. ಕಲ್ಕತ್ತೆಯಿಂದ ದೆಹಲಿ ಲಾಹೋರುಗಳವರೆಗೆ ಒಂದು, ಬೊಂಬಾಯಿಯಿಂದ ಅದನ್ನು ಕೂಡುವುದಕ್ಕೆ ಒಂದು, ಬೊಂಬಾಯಿ ಮದರಾಸುಗಳ ನಡುವೆ ಒಂದು, ಮದರಾಸಿನಿಂದ ಮಲೆಯಾಳದ ಕರಾವಳಿಗೆ ಒಂದು. ದಂಡನ್ನು ಬೇಗನೆ ಸಾಗಿಸುವುದೂ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯನ್ನು ಬಂದರಿಗೆ ತರುವುದೂ, ಅಲ್ಲಿಯ ಸರಕನ್ನು ಒಳನಾಡಿಗೆ ಹರಡುವುದೂ ಅವನು ಹೇಳಿದ ಪ್ರಯೋಜನಗಳು. ಅವನು ಮರೆಮಾಚಿ ಬರೆದವನಲ್ಲ. ಆದುದರಿಂದ ಅವನ ಉದ್ದೇಶವನ್ನು ನಾವು ಊಹಿಸಬೇಕಾದುದೂ ಇಲ್ಲ. ಕಂಪನಿಗಳು ಹಾಕಿದ ಬಂಡವಾಳಕ್ಕೆ ಸರಕಾರವು ನೂರಕ್ಕೆ ೫ರಂತೆ ಬಡ್ಡಿಯ ಹೊಣೆಯನ್ನು ಹೊತ್ತು, ಭೂಮಿಯನ್ನು ಪುಕ್ಕಟೆಯಾಗಿ ಕೊಟ್ಟಿತು. ನಷ್ಟವಾದರೆ ತುಂಬಿಕೊಡತಕ್ಕವನು ಇಲ್ಲಿಯ ರೈತನು.

ಕಾಗದದ ಗೆರೆಯು ನೆಲಕ್ಕೆ ಇಳಿಯುವ ಕ್ರಮವು ಸ್ವಾರಸ್ಯವಾದುದು. ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ೧೮೦೨ರಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ತ್ರಿಕೋನಮಿತಿಯ ಮಹಾಸರ್ವೆಯು, ಯಾವ ಊರು ಯಾವ ಬಿಂದುವಿನಲ್ಲಿರುವುದೆಂಬುದನ್ನು ಅದಾಗಲೇ ನಿಶ್ಚಯಿಸುತ್ತ ಬಂದಿದ್ದಿತು. ಆದರೆ ರೈಲಿನ ಎಂಜಿನಿಯರನಿಗೆ ಊರಿನ ಸ್ಥಾನಕ್ಕಿಂತಲೂ ನೆಲದ ಏರಿಳಿತವು ಮುಖ್ಯ. ಎತ್ತಿನ ಬಂಡಿಯು ಹತ್ತುವ ಏರನ್ನು ಉಗಿಯಂತ್ರವು ಹತ್ತಲಾರದು. ಆದುದರಿಂದ ಮೊದಲು ಕುದುರೆಯ ಮೇಲೆ ಸೀಮೆಯನ್ನೆಲ್ಲ ಸುತ್ತಿ ನೋಡುವುದು, ಅನಂತರ ಮಟ್ಟವನ್ನು ಅಳೆಯುವುದು, ಆ ಬಳಿಕ ಗೂಟ ಹೊಡೆಯುವುದು. ಇಷ್ಟಾದ ಮೇಲೆ ಬೆಟ್ಟವನ್ನು ಉದ್ದಕ್ಕೆ ಸೀಳಿ ನೋಡಿದಂತೆ ತೋರಿಸುವ ಇನ್ನೊಂದು ನಕ್ಷೆಯು ಸಿದ್ಧವಾಗುವುದು. ಬರ್ಕ್‌ಲೀ ಎಂಬ ಎಂಜಿನಿಯರನು ಪುಣೆಗೆ ಹೋಗುವ ಬೋರ್‌ಘಾಟಿನಲ್ಲಿ ಹೀಗೆ ಅಳೆದೂ ಅಳೆದೂ ಕಂಡುಕೊಂಡ ದಾರಿಯು, ಸುಮಾರು ೧೫ ಮೈಲಿಯಲ್ಲಿ ೧,೮೦೦ ಅಡಿಗೂ ಮೇಲೆ ಏರತಕ್ಕುದಾಗಿದ್ದಿತು. ಕಡಿದಾದೆಡೆಯಲ್ಲಿ ೩೭ ಅಡಿಗೆ ಒಂದಡಿಯ ಏರು. ೧೮೬೩ರಲ್ಲಿ ಅದು ಮುಗಿಯುವ ಹೊತ್ತಿಗೆ ಕಾಲರಾ ಮೊದಲಾದ ವ್ಯಾಧಿಗಳಿಂದಲೂ ಅಪಘಾತಗಳಿಂದಲೂ ಸಾವಿರಾರು ಕೂಲಿಗಳು ಸತ್ತಿದ್ದರು. ಭೂಪಟದಲ್ಲಿ ಆ ಘಾಟು ಒಂದು ಜೋಳದ ಕಾಳಿನಷ್ಟೂ ಉದ್ದವಿಲ್ಲ.

ನಮ್ಮ ಸೀಮೆಯ ಮಾತಿಗೆ ಬರೋಣ. ಬೊಂಬಾಯಿ ಮದರಾಸುಗಳ ಕಡೆಯಿಂದ ಬಂದ ಹಳಿಗಳು ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗವು ಮೈಸೂರು ಸಂಸ್ಥಾನವನ್ನು ಮುಟ್ಟದೆ ಹೊರಗಿನಿಂದಲೇ ಸಾಗಿಹೋಯಿತು. ಸಂಸ್ಥಾನದೊಳಕ್ಕೆ ಬಂದುದು ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ೧೮೬೪ರಲ್ಲಿ ತೆರೆದ ಒಂದೇ ಕವಲು. ದಂಡಿನ ಪ್ರಯೋಜನಕ್ಕಾಗಿ ಬಂದ ಹಳಿಯು ದಂಡಿನಲ್ಲಿಯೇ ನಿಂತಿತು.

ಇದರ ಫಲವು ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಪ್ರತ್ಯಕ್ಷವಾಯಿತು. ೧೮೭೬ರಿಂದ ೧೮೭೮ರವರೆಗಿನ ಆ ಕಾಲದಲ್ಲಿ ಧಾನ್ಯವು ಮದರಾಸಿನಿಂದ ಬೆಂಗಳೂರಿಗೆ ರೈಲಿನಲ್ಲಿ ಬರುತ್ತಿದ್ದಿತು. ಅಲ್ಲಿಂದ ಮುಂದೆ ಚಿತ್ರದುರ್ಗಕ್ಕಾಗಲಿ ಹಾಸನಕ್ಕಾಗಲಿ ಎತ್ತಿನ ಗಾಡಿಯೇ ಗತಿ. ಮೇವೂ ನೀರೂ ಇಲ್ಲದ ವರ್ಷದಲ್ಲಿ ಎತ್ತುಗಳು ಮನುಷ್ಯರಿಗಿಂತ ಮೊದಲು ಬಿದ್ದವು. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿದ್ದಿತು. ರೈಲಿದ್ದ ಪ್ರಾಂತಗಳಲ್ಲಿಯೂ ಜನರು ಸತ್ತರು, ರೈಲು ಧಾನ್ಯವನ್ನು ತಂದಂತೆಯೇ ಹೊರಕ್ಕೂ ಒಯ್ದಿತು ಎಂದು ವಾದಿಸುವವರುಂಟು. ಆ ವಾದವು ನಿರಾಧಾರವಾದುದಲ್ಲ. ಆದರೂ ಹಳಿಯ ಕೊನೆಯಿಂದಾಚೆಗೆ ನೂರು ಮೈಲಿ ದೂರದಲ್ಲಿದ್ದ ಹಳ್ಳಿಗೆ ಈ ಚರ್ಚೆಯಿಂದ ಏನು ಪ್ರಯೋಜನವು? ಬೆಂಗಳೂರು ಮೈಸೂರುಗಳ ನಡುವಣ ಮಾರ್ಗದ ಮಣ್ಣುಕೆಲಸವು ಪ್ರಾರಂಭವಾದುದೇ ಕ್ಷಾಮದ ಕಾಮಗಾರಿಯಾಗಿ. ಹೊಟ್ಟೆಗಿಲ್ಲದವರು ಹಾಕಿದ ಆ ದಿಬ್ಬದ ಮೇಲೆ ೧೮೮೨ರಲ್ಲಿ ಬಂಡಿಯು ಮೈಸೂರನ್ನು ಸೇರಿತು.

ಆ ಹೊಸ ಹಳಿಯ ಅಗಲವು ಮಾತ್ರ ಬೇರೆಯಾಗಿದ್ದಿತು. ಡಾಲ್‌ಹೌಸಿಯು ೬ ಅಡಿಯ ಅಗಲವನ್ನು ಬಯಸಿದ್ದನು. ಕೊನೆಗೆ ನಿಶ್ಚಯವಾದುದು ೫ ಅಡಿ ೬ ಅಂಗುಲ. ಖರ್ಚು ವಿಪರೀತವಾಯಿತೆಂದು ಮೇಯೋ ಪ್ರಭುವಿನ ಕಾಲದಲ್ಲಿ, ೧೮೭೦ರಲ್ಲಿ, ಕಿರಿದಾದ ಹಳಿಯನ್ನು ಗೊತ್ತುಮಾಡಿದರು. ಮೊದಲು ೩ ಅಡಿ ೩ ಅಂಗುಲವೆಂದಿದ್ದುದು, ದೇಶಕ್ಕೆಲ್ಲ ಮೀಟರಿನ ಅಳತೆಯು ಬರತಕ್ಕುದಾಗಿದೆಯೆಂಬ ನಿರೀಕ್ಷೆಯಿಂದ ಒಂದು ಮೀಟರ್ ಆಯಿತು. ಆ ಅಳತೆಯ ಶಾಸನವು ಆಗ ಜಾರಿಗೆ ಬರಲೇ ಇಲ್ಲ. ಅಂಗಡಿಯಲ್ಲಿ ಗಜ, ಹೊಲದಲ್ಲಿ ಗುಂಟೆ, ಹಳಿಗೆ ಮಾತ್ರ ಮೀಟರು!

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸತಕ್ಕುದು. ವಾಯವ್ಯದ ಗಡಿಯ ಕಡೆಗೆ ಹೋಗುವ ಮಾರ್ಗಗಳನ್ನೂ ಮೀಟರ್ ಅಗಲಕ್ಕೆ ಮಾಡಬೇಕೆಂದಿದ್ದರು. ಸೇನೆಯವರು ಒಪ್ಪಲಿಲ್ಲ, ೧೮೭೦ರ ದಶಕದಲ್ಲಿಯೇ ಅವು ಅಗಲವಾದ ಹಳಿಗೆ ತಿರುಗಿದವು. ೧೮೮೦ರ ಕ್ಷಾಮ ಆಯೋಗವು, ೫,೦೦೦ ಮೈಲಿ ಮಾರ್ಗವು ತತ್‌ಕ್ಷಣ ಆಗಬೇಕೆಂದೂ, ೨೦,೦೦೦ ಮೈಲಿಯಾಗದೆ ದೇಶವು ಕ್ಷಾಮಭಯದಿಂದ ಪಾರಾಗದೆಂದೂ ಹೇಳಿದ ಮೇಲೆ, ಧಾರವಾಡ ಬಿಜಾಪುರಗಳ ಒಣನಾಡಿಗೆ ಸದರ್ನ್ ಮರಾಠಾ ಕಂಪನಿಯ ಹಳಿಗಳು ಬಂದವು. ಅವು ಮೀಟರಿನವೇ. ಭೂಪಟದಲ್ಲಿ ಒಂದು ದಪ್ಪ ಗೆರೆ, ಒಂದು ಸಣ್ಣ ಗೆರೆ. ಗಡಿಗೆ ದಪ್ಪನೆಯದು, ಹಸಿವಿಗೆ ಸಣ್ಣದು. ಎರಡೂ ಸೇರುವ ನಿಲ್ದಾಣಗಳಲ್ಲಿ ಪ್ರತಿಯೊಂದು ಮೂಟೆಯನ್ನೂ ಹಮಾಲರು ಒಂದು ಬಂಡಿಯಿಂದಿಳಿಸಿ ಇನ್ನೊಂದಕ್ಕೆ ಹೇರುತ್ತಿದ್ದರು. ೧೯೯೨ರಲ್ಲಿ ಏಕರೂಪದ ಹಳಿಯ ಯೋಜನೆಯು ಪ್ರಾರಂಭವಾಗುವವರೆಗೂ ನಮ್ಮ ನಾಡಿನ ಬಹುಭಾಗದ ಪಾಡು ಇದೇ ಆಗಿದ್ದಿತು.

ಮಂಗಳೂರಿಗೆ ೧೯೦೭ರಲ್ಲಿ ರೈಲು ಬಂದಿತು. ಆದರೆ ಮದರಾಸಿನ ಕಡೆಯಿಂದ, ಮಲೆಯಾಳದ ಕರಾವಳಿಯನ್ನು ಹಿಡಿದು. ಡಾಲ್‌ಹೌಸಿಯ ನಾಲ್ಕನೆಯ ಗೆರೆಯ ಬಾಲವೆನ್ನಬಹುದು. ಮಂಗಳೂರಿನವನು ಬೆಂಗಳೂರಿಗೆ ರೈಲಿನಲ್ಲಿಯೇ ಹೋಗಬೇಕೆಂದರೆ ಷೊರನೂರು, ಈರೋಡು, ಸೇಲಂ, ಜೋಲಾರಪೇಟೆಗಳನ್ನು ಬಳಸಿ ಬರಬೇಕಾಗಿದ್ದಿತು. ಎಪ್ಪತ್ತೆರಡು ವರ್ಷಗಳ ಮೇಲೆ, ೧೯೭೯ರಲ್ಲಿ, ಹಾಸನದ ಮಾರ್ಗವು ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿನಲ್ಲಿ ೫೭ ಸುರಂಗಗಳಿವೆ. ೫೦ ಅಡಿಗೆ ಒಂದಡಿಯ ಇಳುಕಲು. ಅಷ್ಟು ಶ್ರಮದಿಂದಾದುದು ಹದಿನೇಳು ವರ್ಷ ನಡೆದು ಮುಚ್ಚಿತು. ಸರಕಿನ ಬಂಡಿಗಳು ೨೦೦೬ರಲ್ಲಿಯೂ ಜನರ ಬಂಡಿಗಳು ೨೦೦೭ರ ಕೊನೆಯಲ್ಲಿಯೂ ಮರಳಿ ಓಡಿದವು. ಪುತ್ತೂರಿನ ಆ ಹುಡುಗನು ಅಷ್ಟರಲ್ಲಿ ಶಾಲೆಯನ್ನು ಬಿಟ್ಟು ಬಹು ಕಾಲವಾಗಿದ್ದಿತು. ಗೋಡೆಯ ಪಟವು ಮಾತ್ರ ಅಷ್ಟು ವರ್ಷಗಳೂ ಆ ಗೆರೆಯನ್ನು ತೋರಿಸುತ್ತಲೇ ಇದ್ದಿತು.

ಎಳೆದ ಗೆರೆಯಲ್ಲಿ ಬಂಡಿಯಿಲ್ಲದಿದ್ದ ಕಥೆಯು ಇದಾದರೆ, ಗೆರೆಯೇ ನೆಲಕ್ಕಿಳಿಯದ ಕಥೆಯೂ ಒಂದುಂಟು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬೆಲೆಯೇರಿದಾಗ, ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಬೇಕೆಂದು ಹುಬ್ಬಳ್ಳಿಯಿಂದ ಅಲ್ಲಿಗೆ ರೈಲುಮಾರ್ಗವನ್ನು ಆಲೋಚಿಸಿದ್ದರು. ಅದು ಕೂಡಿಬರಲಿಲ್ಲ. ೧೮೮೮ರಲ್ಲಿ ಮರ್ಮಗೋವೆಯ ಮಾರ್ಗವು ಕ್ಯಾಸಲ್‌ರಾಕ್‌ವರೆಗೆ ಬಂದಮೇಲೆ ವ್ಯಾಪಾರವು ಗೋವೆಯ ಕಡೆಗೆ ತಿರುಗಿತು. ಈಗ ಅದನ್ನೇ ಹೋಲುವ ಹುಬ್ಬಳ್ಳಿ ಅಂಕೋಲೆಗಳ ಮಾರ್ಗವು ಹಲವು ದಶಕಗಳಿಂದ ಅರಣ್ಯದ ಪ್ರಶ್ನೆಯಲ್ಲಿಯೂ ನ್ಯಾಯಾಲಯದ ವ್ಯಾಜ್ಯದಲ್ಲಿಯೂ ಸಿಕ್ಕಿಕೊಂಡಿರುವುದು. ಸಹ್ಯಾದ್ರಿಯ ಕಾಡು ಒಮ್ಮೆ ಹೋದರೆ ಮರಳಿ ಬಾರದೆನ್ನುವವರ ಮಾತನ್ನು ನಾನು ಅಲ್ಲಗಳೆಯಲಾರೆನು. ಯಲ್ಲಾಪುರದ ಕಡೆಯ ನನ್ನ ಬಂಧುಗಳು ಹುಬ್ಬಳ್ಳಿಯ ಆಸ್ಪತ್ರೆಗೆ ಘಟ್ಟದ ರಸ್ತೆಯಲ್ಲಿ ಹೋಗುವ ಕಷ್ಟವನ್ನೂ ಬಲ್ಲೆನು. ಇಂದು ಉಪಗ್ರಹಚಿತ್ರಗಳ ಸಹಾಯದಿಂದ ಸೇತುವೆ, ಸಂಕೇತಗಂಬಗಳ ಸ್ಥಾನವನ್ನು ಸಹ ಪಟದಲ್ಲಿ ಗುರುತಿಸುತ್ತಿರುವರು. ಮೊಮ್ಮಗಳು ಮೊನ್ನೆ ತನ್ನ ಯಂತ್ರದಲ್ಲಿ ಅಂಥದೊಂದು ಪಟವನ್ನು ತೆರೆದು ತೋರಿಸಿದಳು. ಹುಬ್ಬಳ್ಳಿಯಿಂದ ಅಂಕೋಲೆಗೆ ಒಂದು ಚುಕ್ಕಿಯ ಗೆರೆಯಿದ್ದಿತು. "ಅಜ್ಜಾ, ಇದೇಕೆ ಹೀಗೆ ಕಡಿದು ಕಡಿದು ಇದೆ?" ಎಂದು ಕೇಳಿದಳು. ಅವಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಹತ್ತಿಯ ಕಥೆಯಿಂದ ಆರಂಭಿಸಿದೆನು.